ಮಗನಿಗೆ ಆರ್ಸೆನಲ್, ಅಪ್ಪನಿಗೆ ಬಾರ್ಸಿಲೋನಾ: ಈ ಖರ್ಚಿಗೆ ಕಡಿವಾಣ ಹಾಕೋದು ಹೇಗೆ?

ಕೇಳಿದವರು: ಕುವೆಂಪುನಗರ, ಮೈಸೂರು

ನನಗೆ ಫುಟ್‌ಬಾಲ್ ಗೊತ್ತಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಮಗ ಎರಡನೇ ಪಿಯುಸಿ, ಅವನಿಗೆ ಇಂಗ್ಲೆಂಡಿನ ಆರ್ಸೆನಲ್ ಅಂದ್ರೆ ಪ್ರಾಣ. ನಮ್ಮ ಯಜಮಾನರಿಗೆ ಸ್ಪೇನಿನ ಬಾರ್ಸಿಲೋನಾ. ಮನೆ ಲೆಕ್ಕ ಬರೆಯುವವಳು ನಾನು. ಕೇಬಲ್‌ಗೆ ಒಂದು ದುಡ್ಡು, ಇಂಟರ್ನೆಟ್‌ಗೆ ಒಂದು, ಅದರ ಮೇಲೆ ಮೂರು ಆ್ಯಪ್. ಹೋದ ತಿಂಗಳು ಪಾಸ್‌ಬುಕ್ ಎಂಟ್ರಿ ಮಾಡಿಸಿದರೆ ನಾಲ್ಕನೆಯದೂ ಒಂದು ಕಂಡಿತು. ಇದು ಯಾರದು ಅಂದರೆ ಅಪ್ಪ ಮಗನ ಮುಖ ನೋಡುತ್ತಾರೆ, ಮಗ ಅಪ್ಪನ ಮುಖ ನೋಡುತ್ತಾನೆ. ಮೊದಲೆಲ್ಲ ಇದು ಕೇಬಲ್‌ನಲ್ಲೇ ಬರುತ್ತಿತ್ತಂತೆ. ಈಗ ಯಾಕೆ ಹೀಗೆ? ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ? ಬೈಯದೆ ಹೇಳಿ.

ಸರಸ್ವತಿಪುರಂನಿಂದ

ಅಕ್ಕ, ಬೈಯುವ ಮಾತೇ ಇಲ್ಲ. ನಾನು ಇಪ್ಪತ್ತೈದು ವರ್ಷದಿಂದ ಇದೇ ಹುಚ್ಚು ಹಿಡಿಸಿಕೊಂಡು ಕೂತವನು, ನಮ್ಮ ಮನೆಯವಳೂ ನಿಮ್ಮ ಹಾಗೇ ಲೆಕ್ಕ ಕೇಳುತ್ತಾಳೆ. ಯಾಕೆ ಹೀಗಾಯಿತು ಅನ್ನೋದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಅದು ಗೊತ್ತಾದರೆ ಯಾವುದನ್ನು ಬಿಡಬೇಕು ಅನ್ನೋದು ತಾನೇ ಗೊತ್ತಾಗುತ್ತದೆ.

ನಿಮ್ಮ ಮಗ ನೋಡುವ ಪ್ರೀಮಿಯರ್ ಲೀಗ್, ಅಂದ್ರೆ ಇಂಗ್ಲೆಂಡಿನ ದೊಡ್ಡ ಲೀಗ್, ಶುರುವಾಗಿದ್ದು 1992ರಲ್ಲಿ. ಆಗ ಐದು ವರ್ಷದ ಟಿವಿ ಹಕ್ಕಿಗೆ ಅಲ್ಲಿನ ಟಿವಿ ಕಂಪನಿಗಳಾದ ಸ್ಕೈ, ಬಿಬಿಸಿ ಜೊತೆ ಆದ ಒಪ್ಪಂದ 30.4 ಕೋಟಿ ಪೌಂಡಿನದು. 2025ರಿಂದ ನಾಲ್ಕು ವರ್ಷಕ್ಕೆ, ಅದೂ ಬ್ರಿಟನ್ನಿನೊಳಗಿನ ಪ್ರಸಾರಕ್ಕೆ ಮಾತ್ರ, 670 ಕೋಟಿ ಪೌಂಡ್. ಆ ದುಡ್ಡು ಟಿವಿಯವರ ಅಜ್ಜನ ಆಸ್ತಿಯಿಂದ ಬರಲ್ಲ, ನೋಡುವವರ ಜೇಬಿನಿಂದಲೇ ಬರಬೇಕು.

ಇದರಲ್ಲಿ ಒಂದು ತಮಾಷೆ ಇದೆ. 2007ರವರೆಗೂ ಅಲ್ಲಿನ ನೇರ ಪ್ರಸಾರ ಹೆಚ್ಚುಕಡಿಮೆ ಪೂರ್ತಿ ಸ್ಕೈ ಕೈಯಲ್ಲಿತ್ತು. ಒಬ್ಬರ ಕೈಯಲ್ಲೇ ಎಲ್ಲ ಇರಬಾರದು ಅಂತ ಯುರೋಪಿಯನ್ ಕಮಿಷನ್ ತಕರಾರು ತೆಗೆಯಿತು. ಸರಿ, ಪಂದ್ಯಗಳನ್ನು ಪಾಲು ಮಾಡಿದರು, ಒಂದು ಪಾಲು ಸೆಟಾಂಟಾ ಅನ್ನೋ ಚಾನೆಲ್‌ಗೆ ಹೋಯಿತು. ಆದದ್ದೇನು? ಮೊದಲು ಒಂದು ಬಿಲ್ ಕಟ್ಟುತ್ತಿದ್ದವರು ಎರಡು ಬಿಲ್ ಕಟ್ಟಿದರು. ಆ ಸೆಟಾಂಟಾ 2009ರಲ್ಲಿ ಮುಳುಗಿಯೂ ಹೋಯಿತು. ಪೈಪೋಟಿ ಬಂದರೆ ಬೆಲೆ ಇಳಿಯುತ್ತದೆ ಅನ್ನೋದು ದೇವರಾಜ ಮಾರ್ಕೆಟ್ಟಿನ ಸೊಪ್ಪಿಗೆ ಸರಿ, ಈ ಅಂಗಡಿಯಲ್ಲಿ ಜಾಸ್ತಿ ಹೇಳಿದರೆ ಅದೇ ಸೊಪ್ಪು ಪಕ್ಕದಲ್ಲಿ ಸಿಗುತ್ತದೆ. ಆರ್ಸೆನಲ್ ಪಂದ್ಯ ಪಕ್ಕದ ಅಂಗಡಿಯಲ್ಲಿ ಸಿಗಲ್ಲ ಅಲ್ವಾ.

ನಮ್ಮಲ್ಲೂ ಈಗ ಅದೇ ಪಾಲು ಪಟ್ಟಿ. ಇಂಗ್ಲೆಂಡಿನದು ಜಿಯೋಹಾಟ್‌ಸ್ಟಾರ್‌ನಲ್ಲಿ. ಯುರೋಪಿನ ಬೇರೆ ಬೇರೆ ದೇಶದ ದೊಡ್ಡ ತಂಡಗಳು ಆಡುವ ಚಾಂಪಿಯನ್ಸ್ ಲೀಗ್ ಸೋನಿಯಲ್ಲಿ. ಸ್ಪೇನಿನ ಲೀಗ್ ಫ್ಯಾನ್‌ಕೋಡ್‌ನಲ್ಲಿ. ನಿಮ್ಮ ಮೂರು ಆ್ಯಪ್ ಇವೇ ಇರಬೇಕು. ನಿಮ್ಮ ಯಜಮಾನರನ್ನು ಕೇಳಿ ನೋಡಿ, ಸ್ಪೇನಿನ ಲೀಗನ್ನು 2018ರಿಂದ ಮೂರು ಸೀಸನ್ ಫೇಸ್‌ಬುಕ್‌ನಲ್ಲಿ ಪುಕ್ಕಟೆ ತೋರಿಸಿದರು. 2022ರ ವಿಶ್ವಕಪ್ ಪೂರ್ತಿ ಜಿಯೋಸಿನಿಮಾದಲ್ಲಿ ಪುಕ್ಕಟೆ. ನಾವೆಲ್ಲ ಆಹಾ ಅಂದೆವು. ಪುಕ್ಕಟೆ ಕೊಡೋದು ರುಚಿ ಹತ್ತಿಸೋಕೆ ಅನ್ನೋದು ಆಗ ತಲೆಗೆ ಹೋಗಲಿಲ್ಲ.

ಬೆಲೆ ನೋಡಿ. 2020ರ ಏಪ್ರಿಲ್‌ನಲ್ಲಿ ಹಾಟ್‌ಸ್ಟಾರ್‌ನ (ಅದೇ ಈಗಿನ ಜಿಯೋಹಾಟ್‌ಸ್ಟಾರ್) ವಿಐಪಿ ಪ್ಲಾನ್ ವರ್ಷಕ್ಕೆ 399, ಅದರಲ್ಲೇ ಪ್ರೀಮಿಯರ್ ಲೀಗ್ ಬರುತ್ತಿತ್ತು. 2021ರ ಸೆಪ್ಟೆಂಬರ್‌ನಲ್ಲಿ ಅದನ್ನು ತೆಗೆದು ಮೊಬೈಲ್‌ಗೆ 499, ಎರಡು ಸ್ಕ್ರೀನಿನ ಸೂಪರ್‌ಗೆ 899, ನಾಲ್ಕರ ಪ್ರೀಮಿಯಂಗೆ 1,499 ಮಾಡಿದರು. 2026ರ ಜನವರಿ ಕೊನೆಯಿಂದ ಸೂಪರ್ 1,099, ಪ್ರೀಮಿಯಂ 2,199. ಏರಿದೆ, ಸುಳ್ಳಲ್ಲ. ಆದರೂ ಒಂದೊಂದನ್ನೇ ತೆಗೆದು ನೋಡಿದರೆ ಎರಡು ಸಲ ಹೋಟೆಲ್ ಊಟದ ದುಡ್ಡು. ನಿಮ್ಮನ್ನು ಹಿಂಡುತ್ತಿರೋದು ಯಾವುದೋ ಒಂದರ ಬೆಲೆ ಅಲ್ಲ, ಎಲ್ಲವನ್ನೂ ವರ್ಷಪೂರ್ತಿ ಇಟ್ಟುಕೊಂಡಿರೋದು.

ಅದಕ್ಕೇ ನಾನು ಮಾಡೋದು ಹೀಗೆ. ಮಗನ ಲೀಗ್ ಆಗಸ್ಟ್‌ನಿಂದ ಮೇವರೆಗೆ, ತಂಡಕ್ಕೆ 38 ಪಂದ್ಯ, ವಾರ ವಾರವೂ ನೋಡುತ್ತಾನೆ. ಅದೊಂದನ್ನು ಆಗಸ್ಟ್‌ನಲ್ಲೇ ವರ್ಷದ ಲೆಕ್ಕಕ್ಕೆ ಕಟ್ಟಿ. ಸೂಪರ್ ಮೂರು ತಿಂಗಳಿಗೆ 349, ಒಂದು ತಿಂಗಳಿಗೆ 149. ಹತ್ತು ತಿಂಗಳಿಗೆ ಬಿಡಿಬಿಡಿಯಾಗಿ ಕಟ್ಟಿದರೆ 1,196 ಆಗುತ್ತದೆ, ಜೂನ್ ಜುಲೈ ಸುಮ್ನೆ ಹೋದರೂ ವರ್ಷದ್ದೇ ಅಗ್ಗ. ಚಾಂಪಿಯನ್ಸ್ ಲೀಗ್ ಅಪ್ಪ ಮಗ ಇಬ್ಬರಿಗೂ ಬೇಕಾಗುತ್ತದೆ, ಎರಡು ತಂಡವೂ ಅಲ್ಲಿ ಆಡುತ್ತವೆ. ಆದರೆ ಅದನ್ನು ಈಗ 36 ತಂಡ, 189 ಪಂದ್ಯ ಅಂತ ಎಳೆದು ಹಿಗ್ಗಿಸಿದ್ದಾರೆ. ಫೆಬ್ರವರಿಯಿಂದ ನಾಕೌಟ್, ಅಂದ್ರೆ ಸೋತವರು ಹೊರಗೆ ಹೋಗುವ ಹಂತ ಶುರು, ಆಗ ತಿಂಗಳ ಲೆಕ್ಕದಲ್ಲಿ ಹಾಕಿಸಿದರೆ ಸಾಕು. ಸೆಪ್ಟೆಂಬರ್‌ನಲ್ಲಿ ಯಾವುದೋ ಹೆಸರು ಗೊತ್ತಿಲ್ಲದ ತಂಡದ ಮೇಲಿನ ಪಂದ್ಯವನ್ನು ರಾತ್ರಿ ಹನ್ನೆರಡೂವರೆಗೆ ಎದ್ದು ನೋಡುವವರು ಯಾರು? (ನಾನೇ. ಆದರೆ ನನ್ನನ್ನು ಬಿಡಿ.) ಸ್ಪೇನಿನ ಲೀಗನ್ನು ಒಂದೊಂದೇ ಪಂದ್ಯದ ಲೆಕ್ಕದಲ್ಲೂ ಕೊಡುತ್ತಾರೆ. ಬಾರ್ಸಿಲೋನಾ ತನ್ನ ಬದ್ಧ ಎದುರಾಳಿ ರಿಯಲ್ ಮ್ಯಾಡ್ರಿಡ್ ಮೇಲೆ ಲೀಗ್‌ನಲ್ಲಿ ವರ್ಷಕ್ಕೆ ಎರಡೇ ಸಲ ಆಡೋದು. ಯಜಮಾನರಿಗೆ ಅವೆರಡು, ಇನ್ನೊಂದು ನಾಲ್ಕು, ಅಷ್ಟು ಕೊಡಿಸಿ.

ಮಂಡ್ಯ, ಪಿಜಿಯಲ್ಲಿರುವ ವಿದ್ಯಾರ್ಥಿ

ಅಣ್ಣ ಅಷ್ಟೆಲ್ಲ ಲೆಕ್ಕ ಯಾಕೆ? ಟೆಲಿಗ್ರಾಂನಲ್ಲಿ ಲಿಂಕ್ ಬರುತ್ತೆ, ಪಂದ್ಯಕ್ಕೆ ಹತ್ತು ನಿಮಿಷ ಮುಂಚೆ. ನಾವು ಆರು ಜನ ಅದರಲ್ಲೇ ನೋಡೋದು.

ಗೋಕುಲಂನಿಂದ

ಲಿಂಕ್ ವಿಷಯಕ್ಕೆ ನನ್ನ ಕಥೆ ಕೇಳಪ್ಪ. ಹೋದ ವರ್ಷ ಹೀಗೇ ಒಂದು ಲಿಂಕ್ ಒತ್ತಿದೆ. ಪ್ಲೇಯರ್ ಹಾಕಿಕೊಳ್ಳಿ ಅಂತು, ಹಾಕಿಕೊಂಡೆ. ಪಂದ್ಯ ಬಂತು, ಮೊದಲರ್ಧ ಚೆನ್ನಾಗೇ ಓಡಿತು. ಎರಡು ದಿನ ಆದ ಮೇಲೆ ಫೋನ್ ಬಿಸಿ ಬಿಸಿ, ನಾನು ಕಳಿಸದ ಮೆಸೇಜು ನನ್ನ ನಂಬರಿನಿಂದ ನೆಂಟರಿಗೆಲ್ಲ ಹೋಗಿದೆ. ಸೋದರತ್ತೆ ಫೋನ್ ಮಾಡಿ "ಏನೋ, ದುಡ್ಡು ಬೇಕಿದ್ರೆ ನೇರ ಕೇಳಬಾರದಾ" ಅಂದರು. ಫೋನ್ ಪೂರ್ತಿ ಅಳಿಸಿ, ಬ್ಯಾಂಕಿಗೆ ಹೋಗಿ ಎಲ್ಲ ಪಾಸ್‌ವರ್ಡ್ ಬದಲಾಯಿಸಿದೆ. ಕಳ್ಳ ಪ್ರಸಾರ ಅನ್ನೋ ಮಾತು ಆಚೆಗಿರಲಿ, ಮನೆ ಲೆಕ್ಕದ ಯುಪಿಐ ಇರೋ ಫೋನಿನಲ್ಲಿ ಇದನ್ನು ಮುಟ್ಟಬೇಡಿ ಮೇಡಂ.

ಮಂಡ್ಯದ ಅದೇ ವಿದ್ಯಾರ್ಥಿ

ಸರಿ ಅಣ್ಣ, ಒಪ್ಪಿದೆ. ನಮ್ಮ ಲಿಂಕೂ ಗೋಲ್ ಹೊಡೆಯೋ ಹೊತ್ತಿಗೇ ಸರಿಯಾಗಿ ನಿಂತು ಹೋಗುತ್ತೆ. ನ್ಯಾಯವಾಗಿ ನೋಡೋದಾದರೆ ನನ್ನಂಥವರಿಗೆ ಮೊಬೈಲ್ ಪ್ಲಾನ್ ಸಾಕು, ಮೂರು ತಿಂಗಳಿಗೆ 149, ಒಂದೇ ಫೋನಿನಲ್ಲಿ ಓಡುತ್ತೆ. ಆರು ಜನ ಒಂದು ಫೋನಿನ ಸುತ್ತ ಕೂತರೆ ಚೆಂಡು ಸಾಸಿವೆ ಕಾಳು. ಅದಕ್ಕಿಂತ ದುಡ್ಡು ಉಳಿಸಿ ಮಂಡ್ಯದಿಂದ ರೈಲು ಹತ್ತಿ ಕಂಠೀರವಕ್ಕೆ ಹೋಗಿ ಬೆಂಗಳೂರು ಎಫ್‌ಸಿ ನೋಡಿ ಬರೋದೇ ಮಜಾ. ಅಲ್ಲಿ ಬಫರಿಂಗ್ ಇಲ್ಲ.

ಮಂಡ್ಯ, ವಿದ್ಯಾನಗರ

ಅಕ್ಕ, ನಿಮ್ಮ ನಾಲ್ಕನೇ ಆ್ಯಪ್ ಬಗ್ಗೆ ಯಾರೂ ಹೇಳಲೇ ಇಲ್ಲ. ನಮ್ಮನೆಯಲ್ಲೂ ಹೀಗೇ ಆಯಿತು. ಒಂದು ಆ್ಯಪಿನವರು ಒಂದು ರೂಪಾಯಿಗೆ ಕೆಲವು ದಿನ ನೋಡಿ ಅಂದರು, ಮಗಳು ಒತ್ತಿದಳು, ಆಮೇಲೆ ತಾನೇ ದುಡ್ಡು ಕಟ್ ಆಗುತ್ತಾ ಹೋಯಿತು. ಹನ್ನೊಂದು ತಿಂಗಳು ನನಗೆ ಗೊತ್ತೇ ಆಗಿಲ್ಲ! ಆ್ಯಪ್ ಅಳಿಸಿದರೆ ನಿಲ್ಲುತ್ತದೆ ಅಂದುಕೊಂಡಿದ್ದೆ, ಅದೇ ತಪ್ಪು. ಯುಪಿಐ ಆ್ಯಪ್ ತೆಗೆದು ಅದರಲ್ಲಿ ಆಟೋಪೇ ಅಂತ ಇರುತ್ತದೆ, ಅಲ್ಲಿ ಹೋಗಿ ನಿಲ್ಲಿಸಬೇಕು. ಕಾರ್ಡಿನಿಂದ ಕಟ್ಟಿದ್ದರೆ ಬ್ಯಾಂಕಿನ ವೆಬ್‌ಸೈಟಿನಲ್ಲಿ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕ್ ನಿಯಮ ಇದೆ, ದುಡ್ಡು ಕಟ್ ಆಗುವ 24 ಗಂಟೆ ಮುಂಚೆ ಮೆಸೇಜು ಬರಬೇಕು. ಬರುತ್ತದೆ ಕೂಡ. ಜಾಹೀರಾತು ಮೆಸೇಜುಗಳ ರಾಶಿಯಲ್ಲಿ ಅದನ್ನು ನೋಡುವವರು ಯಾರು? ಯಾರ ಫೋನ್ ನಂಬರಿಗೆ ಆ ಮೆಸೇಜು ಬಂದಿದೆ ಅಂತ ಹುಡುಕಿ, ಕಳ್ಳ ಸಿಗುತ್ತಾನೆ.

ಕೇಬಲ್ಲಿನದೂ ಒಂದು ಮಾತು. 2019ರ ಫೆಬ್ರವರಿಯಲ್ಲಿ ಟ್ರಾಯ್ (ಕೇಬಲ್, ಫೋನಿನವರ ಮೇಲಿನ ಸರ್ಕಾರಿ ನಿಯಂತ್ರಕರು) ನಿಯಮ ಬದಲಾದ ಮೇಲೆ ಬೇಕಾದ ಚಾನೆಲನ್ನೇ ಆರಿಸಿಕೊಳ್ಳಬಹುದು. ಆದರೆ ಕೇಬಲಿನವರು ಪ್ಯಾಕ್ ಅಂತ ಒಂದು ಕಟ್ಟು ಕೊಡುತ್ತಾರೆ, ಅದರಲ್ಲಿ ನಮಗೆ ಬೇಡದ್ದೇ ಮುಕ್ಕಾಲು. ಅತ್ತೆಗೆ ಕನ್ನಡ ಸೀರಿಯಲ್ ಚಾನೆಲ್ ನಾಲ್ಕು ಇಟ್ಟುಕೊಂಡು ಕ್ರೀಡೆಯ ಪ್ಯಾಕ್ ತೆಗೆಸಿದೆ. ಆ್ಯಪಿನಲ್ಲಿ ದುಡ್ಡು ಕಟ್ಟಿ ಅದೇ ಪಂದ್ಯಕ್ಕೆ ಕೇಬಲ್‌ನಲ್ಲೂ ಕಟ್ಟೋದು ಯಾಕೆ, ಹೇಳಿ?

ಮಂಡ್ಯ, ನೂರಡಿ ರಸ್ತೆಯಲ್ಲಿ ಸಣ್ಣ ಹೋಟೆಲ್ ಇರುವವರು

ನನ್ನದು ಬೇರೆ ಗೋಳು. ಶನಿವಾರ ಸಂಜೆ ಹುಡುಗರು ಬರಲಿ ಅಂತ ಮನೆಯ ಕನೆಕ್ಷನ್ನಿನ ಬಾಕ್ಸ್ ತಂದು ಹೋಟೆಲಿನಲ್ಲಿ ಹಾಕಿದ್ದೆ. ನಾಲ್ಕು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಒಬ್ಬರು ಬಂದು ಮನೆಯದನ್ನು ವ್ಯಾಪಾರದ ಜಾಗದಲ್ಲಿ ಹಾಕುವಂತಿಲ್ಲ, ಅದರ ರೇಟೇ ಬೇರೆ ಅಂದರು. ರೇಟು ಕೇಳಿ ಬಾಕ್ಸ್ ಮನೆಗೆ ತಂದೆ. ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಕ್ಯಾರನ್ ಮರ್ಫಿ ಅಂತ ಒಬ್ಬ ಪಬ್ ನಡೆಸುವ ಹೆಂಗಸು ಅಲ್ಲಿನ ದುಬಾರಿ ಕನೆಕ್ಷನ್ ಬೇಡ ಅಂತ ಗ್ರೀಸ್ ದೇಶದ ಡಿಕೋಡರ್ ಕಾರ್ಡ್ (ಬಾಕ್ಸಿಗೆ ಹಾಕಿ ಚಾನೆಲ್ ತೆರೆಯುವ ಕಾರ್ಡ್) ತರಿಸಿ ಪಂದ್ಯ ತೋರಿಸಿದ್ದಳು. ದಂಡ ಬಿತ್ತು. ಬಿಡಲಿಲ್ಲ ಆಕೆ, ಯುರೋಪಿನ ಕೋರ್ಟಿನ ತನಕ ಹೋದಳು, 2011ರಲ್ಲಿ ತೀರ್ಪು ಬಂತು, ಮರುವರ್ಷ ಶಿಕ್ಷೆ ರದ್ದಾಯಿತು. ಗಟ್ಟಿಗಿತ್ತಿ. ನನಗೆ ಅಷ್ಟು ಧೈರ್ಯ ಇಲ್ಲ, ಇಡ್ಲಿ ಮಾರಿಕೊಂಡು ಇದ್ದೇನೆ. ಹೇಳಿದ್ದು ಯಾಕಂದ್ರೆ, ಮನೆಗೆ ತೆಗೆದುಕೊಂಡದ್ದು ಮನೆಯಲ್ಲೇ ಇರಲಿ.

ಉದಯಗಿರಿಯಿಂದ

ಮನೆಯಲ್ಲೇ ಇರಲಿ ಸರಿ, ಆದರೆ ಮನೆಗೆ ಜನ ಬರಬಹುದಲ್ಲ. ನಮ್ಮ ಬೀದಿಯಲ್ಲಿ ನಾವು ಎಂಟು ಜನ ಒಂದೇ ಮನೆಗೆ ಸೇರುತ್ತೇವೆ. ಇಂಗ್ಲೆಂಡಿನಲ್ಲಿ ಶನಿವಾರ ಮಧ್ಯಾಹ್ನ ಮೂರು ಅಂದರೆ ನಮಗೆ ಚಳಿಗಾಲದಲ್ಲಿ ರಾತ್ರಿ ಎಂಟೂವರೆ, ಬೇಸಿಗೆಯಲ್ಲಿ ಏಳೂವರೆ, ಊಟದ ಹೊತ್ತು. ಇನ್ನೊಂದು ಗೊತ್ತಾ, ಆ ಮೂರು ಗಂಟೆಯ ಪಂದ್ಯಗಳನ್ನು ಅವರ ದೇಶದಲ್ಲೇ ನೇರ ತೋರಿಸುವಂತಿಲ್ಲ. ಶನಿವಾರ 2.45ರಿಂದ 5.15ರವರೆಗೆ ಪ್ರಸಾರ ಬಂದ್, 1960ರ ದಶಕದಿಂದ ಬಂದ ಪದ್ಧತಿ, ಜನ ಸ್ಟೇಡಿಯಂಗೆ ಬರಲಿ ಅಂತ. ಲಂಡನ್ನಿನಲ್ಲಿ ಕೂತವನಿಗೆ ಕಾಣದ್ದು ಉದಯಗಿರಿಯಲ್ಲಿ ಕಾಣುತ್ತದೆ! ಬೈಯುವಾಗ ಇದನ್ನೂ ನೆನೆಯಬೇಕು. ಖರ್ಚಿಗೆ ಬಂದರೆ, ಮನೆಯವರು ಆ್ಯಪಿನ ದುಡ್ಡು ಕಟ್ಟುತ್ತಾರೆ, ಉಳಿದವರು ಸರದಿಯಲ್ಲಿ ತಿಂಡಿ ತರುತ್ತಾರೆ. ಪಾಸ್‌ವರ್ಡ್ ಹಂಚುವ ತಂಟೆ ಇಲ್ಲ.

ಜಯಲಕ್ಷ್ಮೀಪುರಂನಿಂದ

ಟಿವಿ ಆರಿಸಿ ಹುಡುಗನನ್ನು ಚಾಮುಂಡಿ ವಿಹಾರ ಸ್ಟೇಡಿಯಂಗೆ ಕಳಿಸಿ, ಆಡಲಿ. ಎರಡನೇ ಪಿಯುಸಿ ಬೇರೆ ಅಂತೀರಿ.

ಕೇಳಿದವರು, ಕುವೆಂಪುನಗರ

ಪಿಯುಸಿ ಮಾತು ನನಗೂ ಗೊತ್ತು ಸಾರ್, ಪರೀಕ್ಷೆ ಮುಗಿಯುವ ತನಕ ವಾರಕ್ಕೆ ಒಂದೇ ಪಂದ್ಯ ಅಂತ ಒಪ್ಪಂದ ಆಗಿದೆ. ಇನ್ನೊಂದು ಪ್ರಶ್ನೆ. ಮೇ ಮುಗಿದರೆ ಎರಡು ತಿಂಗಳು ಖರ್ಚಿಲ್ಲ ಅಂತ ಸಮಾಧಾನ ಮಾಡಿಕೊಂಡಿದ್ದೆ. ಈಗ ಮಗ 2026ರ ಜೂನ್ 11ರಿಂದ ವಿಶ್ವಕಪ್ ಅನ್ನುತ್ತಿದ್ದಾನೆ. ಅದಕ್ಕೆ ಮತ್ತೊಂದು ಆ್ಯಪಾ?

ಸಿದ್ಧಾರ್ಥನಗರದಿಂದ, ನಿವೃತ್ತರು

ತಾಯಿ, 1986ರಲ್ಲಿ ಮರಡೋನ ಆಡಿದ್ದನ್ನು ನಾವು ದೂರದರ್ಶನದಲ್ಲಿ ನೋಡಿದವರು. ಬೀದಿಗೆ ಒಂದೇ ಟಿವಿ, ಚಂದಾ ಗಿಂದಾ ಏನೂ ಇಲ್ಲ. ಈಗಲೂ ಒಂದು ದಾರಿ ಪೂರ್ತಿ ಮುಚ್ಚಿಲ್ಲ. 2007ರ ಒಂದು ಕಾಯಿದೆ ಪ್ರಕಾರ ದೇಶಕ್ಕೆ ಮುಖ್ಯ ಅಂತ ಸರ್ಕಾರ ಪಟ್ಟಿ ಮಾಡಿದ ಪಂದ್ಯಗಳನ್ನು ಖಾಸಗಿ ಚಾನೆಲಿನವರು ದೂರದರ್ಶನ ನಡೆಸುವ ಪ್ರಸಾರ ಭಾರತಿ ಜೊತೆ ಹಂಚಿಕೊಳ್ಳಬೇಕು. ವಿಶ್ವಕಪ್ ಫುಟ್‌ಬಾಲಿನ ಸೆಮಿಫೈನಲ್, ಫೈನಲ್ ಆ ಪಟ್ಟಿಯಲ್ಲಿ ಸೇರಿವೆ. ಎಲ್ಲ 104 ಪಂದ್ಯ ಅಲ್ಲ, ನೆನಪಿರಲಿ. ಇನ್ನೊಂದು ತಿರುವಿದೆ. ಹೀಗೆ ಹಂಚಿಕೊಂಡದ್ದನ್ನು ಖಾಸಗಿ ಕೇಬಲ್, ಡಿಟಿಎಚ್ ಮೂಲಕ ಕೊಡುವಂತಿಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದಕ್ಕೇ ಕೇಬಲಿನ ಡಿಡಿ ಸ್ಪೋರ್ಟ್ಸ್ ಹಾಕಿದರೆ ಆ ಹೊತ್ತಿಗೆ ಬೇರೇನೋ ಬರುತ್ತದೆ. ಅದಕ್ಕೆ ದೂರದರ್ಶನದವರದೇ ಡಿಡಿ ಫ್ರೀ ಡಿಶ್ ಬೇಕು. ಕೊಡೆಯಂಥ ಡಿಶ್, ಬಾಕ್ಸ್ ಒಂದು ಸಲ ಕೊಂಡರೆ ಆಯಿತು, ತಿಂಗಳ ಬಾಡಿಗೆ ಇಲ್ಲ. ನಮ್ಮ ಮಹಡಿ ಮೇಲೆ ಇದೆ, ಮೊಮ್ಮಕ್ಕಳು ನಗುತ್ತಾರೆ, ನಗಲಿ. ಪಂದ್ಯಗಳು ಅಮೆರಿಕ, ಮೆಕ್ಸಿಕೊ, ಕೆನಡಾದಲ್ಲಿ, ನಮಗೆ ನಡುರಾತ್ರಿ, ಬೆಳಗಿನ ಜಾವ. ಹಾಲು ಕಾಯಿಸುವ ಹೊತ್ತಿಗೆ ಯಾರಾದರೂ ಎದ್ದಿರುತ್ತಾರೆ ಅನ್ನೋದೊಂದೇ ನಿಮಗೆ ಲಾಭ.

ಕೇಳಿದವರು, ಕುವೆಂಪುನಗರ

ಎಲ್ಲರಿಗೂ ನಮಸ್ಕಾರ. ಕ್ರೀಡೆಯ ಕೇಬಲ್ ಪ್ಯಾಕ್ ತೆಗೆಸಿದೆ. ಮಗನದು ಉಳಿಯಿತು, ಚಾಂಪಿಯನ್ಸ್ ಲೀಗ್ ಮೇವರೆಗೆ ತಿಂಗಳ ಲೆಕ್ಕ, ಯಜಮಾನರಿಗೆ ಬಿಡಿ ಪಂದ್ಯ. ಅವರು ಒಂದು ದಿನ ಮಾತಾಡಲಿಲ್ಲ, ಆಮೇಲೆ ಸರಿಹೋದರು. ಫ್ರೀ ಡಿಶ್ ವಿಚಾರ ನಮ್ಮ ಮಾವನವರ ಕಿವಿಗೆ ಹಾಕಿದ್ದೇನೆ, ಅವರಿಗೇ ಜಾಸ್ತಿ ಹುಮ್ಮಸ್ಸು. ನಾಲ್ಕನೇ ಆ್ಯಪಿನ ಮೆಸೇಜು ಯಾರ ನಂಬರಿಗೆ ಬಂದಿದೆ ಅಂತ ವಿದ್ಯಾನಗರದ ಅಕ್ಕ ಹೇಳಿದ ಹಾಗೆ ಹುಡುಕಿದೆ. ನನ್ನ ನಂಬರಿಗೇ ಬಂದಿದೆ. ಹೋದ ದಸರಾ ರಜೆಯಲ್ಲಿ ಒಂದು ಸಿನಿಮಾ ನೋಡೋಕೆ ನಾನೇ ಹಾಕಿಸಿದ್ದೆ. ಇದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.