ಪುಟ್ಟಿಯ ಆಪ್ಶನ್ ಎಂಟ್ರಿ ಬಗ್ಗೆ ಕಾಕಾನ ಮಾತು

ಅಣ್ಣಾ, ವೈನಿ, ಪುಟ್ಟಿ, ಮೂವರೂ ಒಟ್ಟಿಗೆ ಕೂತು ಇದನ್ನ ಓದಿ. ನಿನ್ನೆ ರಾತ್ರಿ ಪುಟ್ಟಿ ಗ್ರೂಪಿನಲ್ಲಿ ಹಾಕಿದ ಪಟ್ಟಿ ನೋಡಿದೆ. ಸಿಇಟಿ ಆಪ್ಶನ್ ಎಂಟ್ರಿಗೆ, ಅಂದ್ರೆ ಯಾವ ಕಾಲೇಜು, ಯಾವ ಕೋರ್ಸ್ ಬೇಕು ಅಂತ ಕ್ರಮವಾಗಿ ತುಂಬುವುದಕ್ಕೆ, ಏಳೇ ಸಾಲು. ಏಳೂ ಬೆಂಗಳೂರಿನ ಕಾಲೇಜು, ಏಳೂ ಕಂಪ್ಯೂಟರ್ ಸೈನ್ಸ್. ಅದಕ್ಕೆ ಅಣ್ಣಾ ನೀನು "ಗ್ಯಾರಂಟಿ ಸಿಗೋದನ್ನ ಮೊದಲು ಹಾಕು, ಇಲ್ಲಾಂದ್ರೆ ಅದೂ ಕೈತಪ್ಪುತ್ತೆ" ಅಂತ ಬರೆದಿದ್ದೀಯ. ದೊಡ್ಡಣ್ಣ "ಹೆಣ್ಣುಹುಡುಗಿ, ಅಷ್ಟು ದೂರ ಯಾಕೆ, ರಾಯಚೂರು ಸಾಕು" ಅಂದಿದ್ದಾರೆ. ಮೂರಕ್ಕೂ ಉತ್ತರ ಹೇಳಬೇಕು ಅನ್ನಿಸಿತು. ಪಿಯು ಕಾಲೇಜಿನಲ್ಲಿ ಪಾಠ ಮಾಡುವವನು ನಾನು, ಪ್ರತಿ ವರ್ಷ ಮಕ್ಕಳ ಪಟ್ಟಿ ನೋಡುತ್ತೇನೆ, ಚೆನ್ನಾಗಿ ಓದಿದ ಹಳ್ಳಿ ಮಕ್ಕಳು ಈ ಒಂದು ಹಂತದಲ್ಲಿ ಸೀಟು ಕಳೆದುಕೊಳ್ಳುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮೊದಲು ಅಣ್ಣನ ಮಾತು. ಅಣ್ಣಾ, ಅದು ಪೂರ್ತಿ ಉಲ್ಟಾ. ಸೀಟು ಹಂಚುವ ಪರೀಕ್ಷಾ ಪ್ರಾಧಿಕಾರದ (ಕೆಇಎ) ಕಂಪ್ಯೂಟರ್ ರ‍್ಯಾಂಕ್ ಪ್ರಕಾರ ಒಬ್ಬೊಬ್ಬರನ್ನೇ ಕರೆಯುತ್ತದೆ ಅಂದುಕೋ. ಪುಟ್ಟಿಯ ಸರದಿ ಬಂದಾಗ ಅವಳ ಒಂದನೇ ಸಾಲು ನೋಡುತ್ತದೆ. ಅಲ್ಲಿ ಸೀಟು ಉಳಿದಿಲ್ಲ ಅಂದ್ರೆ ಎರಡನೆಯದು, ಆಮೇಲೆ ಮೂರನೆಯದು. ಎಲ್ಲಿ ಸೀಟು ಇದೆಯೋ ಅದನ್ನು ಕೊಟ್ಟು ಅಲ್ಲಿಗೇ ನಿಲ್ಲಿಸುತ್ತದೆ. ಮೇಲಿನ ಹತ್ತು ಸಾಲು ಸಿಗದಿದ್ದರೂ ಹನ್ನೊಂದನೆಯದು ಸಿಗುವ ಅವಕಾಶ ಒಂಚೂರೂ ಕಮ್ಮಿ ಆಗುವುದಿಲ್ಲ. ಅವಳಿಗಿಂತ ಕೆಳಗಿನ ರ‍್ಯಾಂಕಿನವನು ಅದೇ ಕಾಲೇಜನ್ನು ಒಂದನೇ ಸಾಲಿನಲ್ಲಿ ಹಾಕಿದ್ದರೂ ಸರದಿ ಇವಳದೇ ಮೊದಲು. ಆದರೆ ನೀನು ಹೇಳಿದ ಹಾಗೆ ಗ್ಯಾರಂಟಿ ಸೀಟನ್ನು ಮೇಲೆ ಇಟ್ಟರೆ ಅದೇ ಸಿಗುತ್ತದೆ, ಕೆಳಗಿದ್ದ ಒಳ್ಳೆಯ ಕಾಲೇಜುಗಳನ್ನು ಕಂಪ್ಯೂಟರ್ ನೋಡುವುದೇ ಇಲ್ಲ. ಅದಕ್ಕೇ ಮೇಲಿನಿಂದ ಕೆಳಗೆ ಬರೀ ಆಸೆಯ ಕ್ರಮ ಇರಲಿ. ಇದು ಸಿಗುತ್ತಾ, ಅದು ಸಿಗಲ್ವಾ ಅನ್ನುವ ಲೆಕ್ಕವನ್ನು ಪಟ್ಟಿ ಎಷ್ಟು ಉದ್ದ ಇರಬೇಕು ಅನ್ನುವುದಕ್ಕೆ ಇಟ್ಟುಕೊಳ್ಳಿ.

ಈಗ ಪುಟ್ಟಿ, ನಿನ್ನ ಏಳು ಸಾಲು. ನಿನ್ನ ರ‍್ಯಾಂಕ್ 8,000ದ ಆಸುಪಾಸು, ತುಂಬಾ ಒಳ್ಳೆಯ ರ‍್ಯಾಂಕ್, ನಮಗೆಲ್ಲ ಹೆಮ್ಮೆ. ಆದರೆ ನೀನು ಬರೆದಿರುವುದು ರಾಜ್ಯದ ಎಲ್ಲರೂ ಬರೆಯುವ ಏಳು ಹೆಸರು. ಏಳೂ ಸಿಗದಿದ್ದರೆ ಮೊದಲ ಸುತ್ತಿನಲ್ಲಿ ಕೈಯಲ್ಲಿ ಏನೂ ಇರುವುದಿಲ್ಲ. ಮುಂದಿನ ಸುತ್ತಿನಲ್ಲಿ ಸಾಮಾನ್ಯವಾಗಿ ಹೊಸ ಆಪ್ಶನ್ ಸೇರಿಸಲು ಬಿಡುವುದಿಲ್ಲ, ಇದ್ದದ್ದನ್ನು ತೆಗೆಯಬಹುದು, ಮೇಲೆ ಕೆಳಗೆ ಮಾಡಬಹುದು, ಅಷ್ಟೇ. ಸಾಲು ಜಾಸ್ತಿ ಹಾಕಿದರೆ ಜಾಸ್ತಿ ದುಡ್ಡೇನೂ ಕಟ್ಟಬೇಕಿಲ್ಲ. ಐವತ್ತು ಹಾಕು, ಅರವತ್ತು ಹಾಕು. ಮೇಲಿನವು ಕೈಗೆಟುಕದ ಹಾಗೆ ಕಾಣುವಂಥವು ಇರಲಿ, ಬೆಂಗಳೂರಿನ ನಿನ್ನ ಏಳೂ ಅಲ್ಲೇ ಇರಲಿ. ನಡುವೆ ನಿನ್ನ ರ‍್ಯಾಂಕಿಗೆ ಹತ್ತಿರದವು ಜಾಸ್ತಿ ಇರಲಿ. ಕೊನೆಗೆ ಖಂಡಿತ ಸಿಗುವಂಥ ಆರೇಳು. ಆ ಕೊನೆಯವೂ ನೀನು ನಿಜವಾಗಿ ಹೋಗಲು ತಯಾರಿರುವ ಕಾಲೇಜೇ ಆಗಿರಬೇಕು, ಸುಮ್ನೆ ತುಂಬಿಸಲು ಬೇಡ. ಹೋಗಲ್ಲ ಅನ್ನುವ ಕಾಲೇಜು ಪಟ್ಟಿಯಲ್ಲಿ ಇರಲೇಬಾರದು.

ನಡುವಿಗೆ ಯಾವುದು ಅಂತ ಕೇಳುತ್ತೀಯ. ಬೆಂಗಳೂರಿನಲ್ಲೇ ಯುವಿಸಿಇ ಬಿಟ್ಟಿದ್ದೀಯ, ಯಾಕೆ? 1917ರಲ್ಲಿ ವಿಶ್ವೇಶ್ವರಯ್ಯನವರು ಶುರು ಮಾಡಿಸಿದ ಸರ್ಕಾರಿ ಕಾಲೇಜು ಅದು, ಖಾಸಗಿಯವುಗಳಿಗೆ ಹೋಲಿಸಿದರೆ ಫೀ ಬಹಳ ಕಮ್ಮಿ. ಹುಬ್ಬಳ್ಳಿಯ ಬಿವಿಬಿ, ಅದೇ ಈಗಿನ ಕೆಎಲ್‌ಇ ಟೆಕ್, ಮೈಸೂರಿನ ಎನ್‌ಐಇ, ಎಸ್‌ಜೆಸಿಇ, ಬಾಗಲಕೋಟೆಯ ಬಸವೇಶ್ವರ, ದಾವಣಗೆರೆಯ ಯುಬಿಡಿಟಿ, ಇವೆಲ್ಲ ಹಳೆಯ ಕಾಲೇಜುಗಳು. ಕಂಪ್ಯೂಟರ್ ಸೈನ್ಸ್ ಒಂದೇ ಅಂತ ಹಟ ಬೇಡ. ನಿನಗೆ ಫಿಸಿಕ್ಸ್ ಅಂದ್ರೆ ಪ್ರಾಣ, ಎಲೆಕ್ಟ್ರಾನಿಕ್ಸ್, ಎಲೆಕ್ಟ್ರಿಕಲ್ ಎರಡನ್ನೂ ಒಳ್ಳೆಯ ಕಾಲೇಜುಗಳಲ್ಲಿ ಹಾಕು. ಗೊತ್ತಿಲ್ಲದ ಕಾಲೇಜಿನ ಕಂಪ್ಯೂಟರ್ ಸೈನ್ಸ್‌ಗಿಂತ ಗಟ್ಟಿ ಕಾಲೇಜಿನ ಎಲೆಕ್ಟ್ರಾನಿಕ್ಸ್ ಮೇಲು ಅಂತ ನಾನು ಹೇಳುತ್ತೇನೆ, ಕಾಲೇಜಿನ ಮೇಷ್ಟ್ರನ್ನೂ ಕೇಳಿ ನೋಡು.

ಕಟ್‌ಆಫ್ ನೋಡುವಾಗ ಒಂದು ವಿಷಯ. ಕೆಇಎ ವೆಬ್‌ಸೈಟಿನಲ್ಲಿ ಹೋದ ವರ್ಷ ಪ್ರತಿ ಸುತ್ತಿನಲ್ಲಿ ಯಾವ ಸೀಟು ಎಷ್ಟನೇ ರ‍್ಯಾಂಕಿನವರೆಗೆ ಸಿಕ್ಕಿತು ಅನ್ನುವ ಪಟ್ಟಿ ಇರುತ್ತದೆ. ನೀನು ಜಿಎಂ, ಅಂದ್ರೆ ಮೀಸಲಾತಿ ಇಲ್ಲದ ಸಾಮಾನ್ಯ ಸೀಟಿನ ಕಾಲಂ ನೋಡಿ ಹೆದರಿದ್ದೀಯ ಅಂತ ಕಾಣುತ್ತೆ. ನಿನ್ನದು 2ಎ, ಹಿಂದುಳಿದ ವರ್ಗಗಳ ಮೀಸಲಾತಿಯ ಒಂದು ಪ್ರವರ್ಗ. ಅಲ್ಲಿ 2ಎಜಿ, 2ಎಕೆ, 2ಎಆರ್ ಅಂತ ಮೂರು ಇರುತ್ತವೆ. ಜಿ ಅಂದ್ರೆ ಆ ಪ್ರವರ್ಗದ ಸಾಮಾನ್ಯ, ಕೆ ಅಂದ್ರೆ ಕನ್ನಡ ಮಾಧ್ಯಮ, ಆರ್ ಅಂದ್ರೆ ಗ್ರಾಮೀಣ. ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ 15 ಪರ್ಸೆಂಟ್, ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5 ಪರ್ಸೆಂಟ್. ನೀನು ನಮ್ಮೂರ ಸರ್ಕಾರಿ ಶಾಲೆಯಲ್ಲೇ ಹತ್ತನೇವರೆಗೆ ಓದಿದವಳು, ಎರಡೂ ನಿನಗೆ ಸೇರುತ್ತವೆ. ಜೊತೆಗೆ 371ಜೆ, ನಮ್ಮ ಕಲ್ಯಾಣ ಕರ್ನಾಟಕದವರಿಗೆ ಇರುವ ಮೀಸಲಾತಿ. ಅದರ ಕಟ್‌ಆಫ್ ಪಟ್ಟಿಯೇ ಬೇರೆ ಇರುತ್ತದೆ, ಅದನ್ನೂ ತೆರೆದು ನೋಡು. ನಮ್ಮ ಭಾಗದ ಕಾಲೇಜುಗಳಲ್ಲಿ 70 ಪರ್ಸೆಂಟ್ ಸೀಟು ನಮ್ಮ ಭಾಗದವರಿಗೆ, ಉಳಿದ ಕರ್ನಾಟಕದಲ್ಲಿ 8 ಪರ್ಸೆಂಟ್.

ದೊಡ್ಡಣ್ಣ, ನಿಮಗೂ ಇದೇ ಉತ್ತರ. ಆ 8 ಪರ್ಸೆಂಟ್ ಇಟ್ಟಿರುವುದೇ ನಮ್ಮ ಸಿಂಧನೂರು ಕಡೆಯ ಮಕ್ಕಳು ಬೆಂಗಳೂರು, ಮೈಸೂರಿಗೂ ಹೋಗಲಿ ಅಂತ. ದೂರ ಅಂತ ಮೊದಲೇ ಕಡಿದು ಹಾಕುವುದು ಬೇಡ. ಹಾಗಂತ ಹತ್ತಿರದ್ದನ್ನು ಕೀಳು ಅನ್ನುತ್ತಿಲ್ಲ. ಕಲಬುರಗಿಯ ಪಿಡಿಎ 1958ರಿಂದ ಇದೆ, ಬಳ್ಳಾರಿಯಲ್ಲಿ ಒಳ್ಳೆಯ ಕಾಲೇಜಿದೆ, ರಾಯಚೂರಿನ ಸರ್ಕಾರಿ ಕಾಲೇಜೂ ಇರಲಿ. ಅವೇ ಕೊನೆಯ ಆರೇಳು ಸಾಲು. ಆದರೆ ಯಾವುದು ಮೇಲೆ, ಯಾವುದು ಕೆಳಗೆ ಅನ್ನುವುದನ್ನು ಪುಟ್ಟಿ ಹೇಳಲಿ. ನಾಲ್ಕು ವರ್ಷ ಅಲ್ಲಿರುವುದು ಅವಳು.

ದುಡ್ಡಿನ ಮಾತು ವೈನಿಗೆ. ಪ್ರತಿ ಸಾಲಿನ ಎದುರು ಫೀ ಬರೆದುಕೊಳ್ಳಿ. ಒಂದೇ ಕಾಲೇಜಿನಲ್ಲಿ ಅನುದಾನಿತ ಸೀಟಿಗೊಂದು ಫೀ, ಅನುದಾನ ಇಲ್ಲದ್ದಕ್ಕೆ ಬೇರೆ ಫೀ ಇರುತ್ತದೆ. ಖಾಸಗಿ ವಿಶ್ವವಿದ್ಯಾಲಯಗಳದ್ದು ಇನ್ನೂ ಬೇರೆ. ಕಟ್ಟಲಿಕ್ಕೆ ಆಗದ ಸೀಟನ್ನು ಮೇಲೆ ಇಟ್ಟು ಆಮೇಲೆ ಒದ್ದಾಡುವುದು ಬೇಡ. ಆದಾಯ 8 ಲಕ್ಷದ ಒಳಗಿದ್ದರೆ ಎಸ್‌ಎನ್‌ಕ್ಯೂ ಅಂತ 5 ಪರ್ಸೆಂಟ್ ಹೆಚ್ಚುವರಿ ಸೀಟಿವೆ, ಬೋಧನಾ ಶುಲ್ಕ ಮಾಫಿ, ಉಳಿದ ಫೀ ಮಾತ್ರ ಕಟ್ಟಬೇಕು. ಸೇರಿದ ಮೇಲೆ ಕೇಂದ್ರದ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ಪ್ರಗತಿ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿಸೋಣ, ಹೆಣ್ಣುಮಕ್ಕಳಿಗೆ ವರ್ಷಕ್ಕೆ 50,000 ರೂಪಾಯಿ. ಬಿಸಿಎಂ ಹಾಸ್ಟೆಲ್ ಎಲ್ಲೆಲ್ಲಿದೆ ಅಂತ ನಾನು ವಿಚಾರಿಸುತ್ತೇನೆ.

ಇನ್ನು ಸಿಇಟಿ ಒಂದನ್ನೇ ನೆಚ್ಚಿಕೊಂಡು ಕೂರಬೇಡ. ಜೆಇಇ ಮೇನ್ ಬರೆದಿದ್ದೀಯ ಅಲ್ವಾ, ಸುರತ್ಕಲ್ ಎನ್‌ಐಟಿಯಲ್ಲಿ ಅರ್ಧ ಸೀಟು ನಮ್ಮ ರಾಜ್ಯದಲ್ಲಿ ಪಿಯುಸಿ ಮುಗಿಸಿದವರಿಗೆ. ಜೋಸಾದಲ್ಲಿ, ಅಂದ್ರೆ ಕೇಂದ್ರದ ಸೀಟು ಹಂಚಿಕೆಯಲ್ಲಿ, ಅದನ್ನೂ ಧಾರವಾಡ, ರಾಯಚೂರಿನ ಐಐಐಟಿಗಳನ್ನೂ ಹಾಕು. ಅಲ್ಲಿ ಗ್ರಾಮೀಣ ಕೋಟಾ ಇಲ್ಲ, 371ಜೆ ಇಲ್ಲ. 2ಎ ಸರ್ಟಿಫಿಕೇಟ್ ಕೂಡ ನಡೆಯಲ್ಲ. ಕೇಂದ್ರದ ನಮೂನೆಯ ಒಬಿಸಿ ನಾನ್ ಕ್ರೀಮಿಲೇಯರ್ ಬೇಕು, ಅದೂ ಈ ವರ್ಷದ ಏಪ್ರಿಲ್ 1ರ ನಂತರದ್ದು. ಅಣ್ಣಾ, ಇದಕ್ಕೆ ನಾಳೆಯೇ ತಹಸೀಲ್ದಾರ್ ಕಚೇರಿಗೆ ಹೋಗು, ದಯವಿಟ್ಟು ಮುಂದೂಡಬೇಡ. ಪುಟ್ಟಿ ಬಯಾಲಜಿಯನ್ನೂ ಓದಿದವಳು, ಕೃಷಿಕರ ಕೋಟಾದ ಪ್ರಾಯೋಗಿಕ ಪರೀಕ್ಷೆಗೂ ಹೋಗಿಬಂದಿದ್ದಾಳೆ. ಹಾಗಾಗಿ ರಾಯಚೂರು, ಧಾರವಾಡ ಕೃಷಿ ವಿಶ್ವವಿದ್ಯಾಲಯದ ಬಿಎಸ್ಸಿ ಅಗ್ರಿ ಕೂಡ ಅವಳಿಗೆ ಇದೆ. ಅದು ಮನಸ್ಸಿನಲ್ಲಿದ್ದರೆ ಮನೆಯಲ್ಲಿ ಬಾಯಿಬಿಟ್ಟು ಹೇಳು ಪುಟ್ಟಿ, ಯಾರೂ ಬೈಯುವುದಿಲ್ಲ.

ಮೊದಲು ಅಣಕು ಹಂಚಿಕೆ ಬರುತ್ತದೆ. ಅದು ನಿಜವಾದ ಸೀಟಲ್ಲ, ಸಿಕ್ಕಿತು ಅಂತ ಸ್ವೀಟ್ ಹಂಚಬೇಡಿ, ಸಿಗಲಿಲ್ಲ ಅಂತ ಅಳಬೇಡಿ. ಆಮೇಲೆ ಪಟ್ಟಿ ತಿದ್ದಲು ಅವಕಾಶ ಕೊಡುತ್ತಾರೆ. ನಿಜವಾದ ಸೀಟು ಬಂದಾಗ ಚಾಯ್ಸ್ ಕೇಳುತ್ತಾರೆ. ಒಂದು ಅಂದ್ರೆ ಇದೇ ಸಾಕು, ಸೇರುತ್ತೇನೆ. ಎರಡು ಅಂದ್ರೆ ಇದು ಇರಲಿ, ಮೇಲಿನದಕ್ಕೂ ನೋಡಿ. ಮೇಲಿನದು ಸಿಕ್ಕರೆ ಹಳೆಯದು ಹೋಗುತ್ತದೆ. ಮೂರು ಅಂದ್ರೆ ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ. ನಾಲ್ಕು ಅಂದ್ರೆ ಏನೂ ಬೇಡ. ಮೂರು, ನಾಲ್ಕನ್ನು ನನಗೆ ಫೋನ್ ಮಾಡದೆ ಒತ್ತಬೇಡ ಪುಟ್ಟಿ. ಸೈಬರ್ ಸೆಂಟರ್‌ನವರಿಗೆ ಪಾಸ್‌ವರ್ಡ್ ಕೊಟ್ಟು ಬರಬೇಡ, ಪಕ್ಕದಲ್ಲೇ ಕೂತು ಪ್ರತಿ ಸಾಲಿನ ಕಾಲೇಜು ಕೋಡ್, ಕೋರ್ಸ್ ಕೋಡ್ ನೀನೇ ಓದಿ ನೋಡು.

ಭಾನುವಾರದ ಒಳಗೆ ಉದ್ದನೆಯ ಪಟ್ಟಿ ನಿನ್ನ ಕೈಬರಹದಲ್ಲಿ ಬರೆದು ಕಳಿಸು, ಎದುರಿಗೆ ಫೀ ಮತ್ತು ಹೋದ ವರ್ಷದ 2ಎಆರ್ ಕಟ್‌ಆಫ್ ಇರಲಿ. ಸಂಜೆ ವಿಡಿಯೋ ಕಾಲ್ ಮಾಡುತ್ತೇನೆ, ಒಂದೊಂದೇ ಸಾಲು ನೋಡೋಣ.