ಎಂಡ್ ಝೋನ್ ದಾಟಿ ಬಾಲ್ ಹೊರಗೆ ಹೋದರೆ ಎದುರಾಳಿಗೆ ಯಾಕೆ ಕೊಡಬೇಕು? ಎನ್‌ಎಫ್‌ಎಲ್‌ನಲ್ಲಿ ನೀವು ಯಾವ ರೂಲ್ ಬದಲಿಸುತ್ತೀರಿ?

ಬಫಲೋ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಬಫಲೋಗೆ ಬಂದು ಒಂಬತ್ತು ವರ್ಷ ಆಯಿತು. ಮೊದಲ ಎರಡು ಚಳಿಗಾಲ ಈ ಅಮೆರಿಕನ್ ಫುಟ್‌ಬಾಲ್ ಆಟದ ತಲೆಬುಡ ತಿಳಿಯಲಿಲ್ಲ. ಈಗ ನಮ್ಮೂರ ತಂಡ ಬಿಲ್ಸ್ ಆಡುವ ಭಾನುವಾರ ನಮ್ಮ ಮನೆಯಲ್ಲಿ ಬೇರೆ ಕೆಲಸವೇ ನಡೆಯುವುದಿಲ್ಲ.

ಆದರೆ ಒಂದು ರೂಲ್ ಮಾತ್ರ ಇವತ್ತಿಗೂ ಒಪ್ಪಿಕೊಳ್ಳಲು ಆಗುತ್ತಿಲ್ಲ. ಓಡುವವನ ಕೈಯಿಂದ ಬಾಲ್ ಜಾರಿ ಸೈಡ್‌ಲೈನ್ ದಾಟಿ ಹೊರಗೆ ಹೋಯಿತು ಅಂದುಕೊಳ್ಳಿ. ಬಾಲ್ ಅದೇ ತಂಡಕ್ಕೆ ಉಳಿಯುತ್ತದೆ. ಮುಂದಕ್ಕೆ ಜಾರಿದ್ದರೆ ಜಾರಿದ ಜಾಗಕ್ಕೆ ವಾಪಸ್ ತರುತ್ತಾರೆ, ಅಷ್ಟೇ. ಅದೇ ಬಾಲ್ ಒಂದೇ ಒಂದು ಅಡಿ ಆಚೆ, ಎದುರಾಳಿಯ ಎಂಡ್ ಝೋನ್ (ಗೋಲ್ ಲೈನ್ ಆಚೆ ಸ್ಕೋರ್ ಮಾಡುವ ಜಾಗ) ಮೂಲಕ ಹೊರಗೆ ಹೋದರೆ ಟಚ್‌ಬ್ಯಾಕ್. ಬಾಲ್ ಎದುರಾಳಿಗೆ, ಅದೂ ಅವರ 20 ಯಾರ್ಡ್ ಲೈನ್‌ನಿಂದ (ಗೋಲ್ ಲೈನ್‌ನಿಂದ 20 ಯಾರ್ಡ್ ದೂರ). ಅವರು ಬಾಲ್ ಹಿಡಿಯಬೇಕಾಗಿಯೂ ಇಲ್ಲ.

2021ರ ಜನವರಿಯ ಪ್ಲೇಆಫ್ ನೆನಪಿದೆಯಾ? ಬ್ರೌನ್ಸ್‌ನ ರಶಾರ್ಡ್ ಹಿಗಿನ್ಸ್ ಎಂಡ್ ಝೋನ್ ಕಡೆ ಹಾರಿದ, ಚೀಫ್ಸ್‌ನ ಡೇನಿಯಲ್ ಸೊರೆನ್ಸನ್ ಬಂದು ಹೆಲ್ಮೆಟ್‌ಗೆ ಹೆಲ್ಮೆಟ್ ತಗುಲುವ ಹಾಗೆ ಗುದ್ದಿದ, ಬಾಲ್ ಜಾರಿ ಆಚೆ ಹೋಯಿತು. ಆ ಡಿಕ್ಕಿಗೆ ಫ್ಲ್ಯಾಗ್ (ತಪ್ಪಿನ ಗುರುತು) ಬೀಳಲಿಲ್ಲ. ಬಾಲ್ ಮಾತ್ರ ಚೀಫ್ಸ್ ಪಾಲಾಯಿತು. ಬ್ರೌನ್ಸ್ ಕೊನೆಗೆ ಸೋತದ್ದು 22-17ರಲ್ಲಿ, ಬರೀ ಐದು ಪಾಯಿಂಟ್.

ನಮ್ಮ ಪರವಾಗಿಯೂ ಒಮ್ಮೆ ಹೀಗೇ ಆಗಿದೆ. 2024ರ ಜನವರಿಯಲ್ಲಿ ಇಲ್ಲೇ ಬಫಲೋದಲ್ಲಿ, ನಾಲ್ಕನೇ ಕ್ವಾರ್ಟರ್‌ನಲ್ಲಿ ಚೀಫ್ಸ್‌ನ ಮೆಕೋಲ್ ಹಾರ್ಡ್‌ಮನ್ ಗೋಲ್ ಲೈನ್ ಹತ್ತಿರ ಬಾಲ್ ಕಳೆದುಕೊಂಡ, ಅದು ಎಂಡ್ ಝೋನ್ ದಾಟಿ ಹೊರಗೆ ಹೋಯಿತು. ಆ ಕ್ಷಣ ನಾನೂ ಎದ್ದು ಕಿರುಚಿದೆ. ಆದರೂ ಮನಸ್ಸಿನಲ್ಲಿ ಇದು ನಾವು ಗಳಿಸಿದ್ದಲ್ಲ ಅನ್ನಿಸಿತು. (ಕೊನೆಗೆ 44 ಯಾರ್ಡ್ ಕಿಕ್ ತಪ್ಪಿ 27-24ಕ್ಕೆ ಸೋತೆವು. ಆ ನೋವು ಬೇರೆ.)

ನಾನಾದರೆ ಬಾಲ್ ಜಾರಿದ ಜಾಗಕ್ಕೇ ವಾಪಸ್ ಕೊಡುತ್ತಿದ್ದೆ. ನೀವು ಏನು ಹೇಳುತ್ತೀರಿ? ಬೇರೆ ಯಾವ ರೂಲ್ ಬದಲಾಗಬೇಕು?

ತುಂಗಾತೀರ

ಸರ್, ನಿಮ್ಮ ಸಂಕಟ ಅರ್ಥ ಆಗುತ್ತದೆ, ಆದರೆ ನಾನು ಒಪ್ಪುವುದಿಲ್ಲ. ಎಂಡ್ ಝೋನ್ ಅಂದರೆ ಎದುರಾಳಿ ಕಾಯುತ್ತಿರುವ ಮನೆ. ಅಲ್ಲಿ ಬಾಲ್ ಕೈಬಿಟ್ಟರೆ ಭಯ ಇರಬೇಕು. ಭಯ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ 1978ರ ಸೆಪ್ಟೆಂಬರ್‌ನ ಸ್ಯಾನ್ ಡಿಯೇಗೊ ಆಟವೇ ಸಾಕ್ಷಿ. ರೇಡರ್ಸ್ 20-14ರಿಂದ ಹಿಂದೆ, ಉಳಿದಿದ್ದು ಕೆಲವೇ ಸೆಕೆಂಡ್. ಬಾಲ್ ಎಸೆಯುವ ಕ್ವಾರ್ಟರ್‌ಬ್ಯಾಕ್ ಕೆನ್ ಸ್ಟೇಬ್ಲರ್ ಇನ್ನೇನು ಬೀಳಬೇಕು, ಬಾಲನ್ನು ಮುಂದಕ್ಕೆ ಬಿಟ್ಟ. ಒಬ್ಬ ಅದನ್ನು ಮುಂದಕ್ಕೆ ತಳ್ಳಿದ, ಡೇವ್ ಕ್ಯಾಸ್ಪರ್ ಕಾಲಿನಿಂದ ಒದ್ದು ಎಂಡ್ ಝೋನ್‌ನಲ್ಲಿ ಅದರ ಮೇಲೆ ಬಿದ್ದ. ಟಚ್‌ಡೌನ್! ಆಮೇಲಿನ ಕಿಕ್‌ನ ಒಂದು ಪಾಯಿಂಟ್ ಸೇರಿ 21-20. ಬೇಕಂತಲೇ ಬಾಲ್ ಬಿಟ್ಟೆ ಅಂತ ಸ್ಟೇಬ್ಲರ್ ಆಮೇಲೆ ಒಪ್ಪಿಕೊಂಡ.

ಅದಾದ ಮೇಲೆ ರೂಲ್ ಬಿಗಿ ಮಾಡಿದರು. ನಾಲ್ಕನೇ ಡೌನ್‌ನಲ್ಲಿ (10 ಯಾರ್ಡ್ ಮುಂದೆ ಹೋಗಲು ಸಿಗುವ ನಾಲ್ಕು ಅವಕಾಶಗಳಲ್ಲಿ ಕೊನೆಯದು), ಮತ್ತು ಕೊನೆಯ ಎರಡು ನಿಮಿಷದಲ್ಲಿ, ಬಾಲ್ ಬಿಟ್ಟವನೇ ಅದನ್ನು ಎತ್ತಿಕೊಂಡು ಮುಂದೆ ಹೋಗಬೇಕು, ಅವನ ತಂಡದ ಬೇರೆಯವರು ಎತ್ತಿಕೊಂಡರೆ ಮುಂದೆ ಹೋಗುವಂತಿಲ್ಲ. ಅಂದರೆ ಬಾಲ್ ಮುಂದಕ್ಕೆ ಜಾರಿಸಿ ಲಾಭ ಮಾಡಿಕೊಳ್ಳುವ ಆಸೆ ಆಟಗಾರರಿಗೆ ಯಾವಾಗಲೂ ಇರುತ್ತದೆ. ಗೆರೆ ಹತ್ತಿರ ಬಂದಾಗ ಎಲ್ಲರೂ ಒಂದೇ ಕೈಯಲ್ಲಿ ಬಾಲ್ ಚಾಚುತ್ತಾರಲ್ಲ, ಅದು ಜೂಜು. ಗೆದ್ದರೆ ಆರು ಪಾಯಿಂಟ್. ಸೋತರೆ ಏನೂ ನಷ್ಟ ಇಲ್ಲ ಅಂದರೆ ಹೇಗೆ?

ಮಿಚಿಗನ್ ಮಲ್ಲಿಗೆ

ತುಂಗಾತೀರ ಅವರೇ, ನಷ್ಟ ಇರಲಿ, ಆದರೆ ತಪ್ಪಿಗೆ ತಕ್ಕಷ್ಟು ಇರಲಿ ಅಲ್ವಾ? ನನ್ನ ಸಿಟ್ಟೆಲ್ಲ ಇದೇ ಕಾರಣಕ್ಕೆ ಇನ್ನೊಂದು ರೂಲ್ ಮೇಲೆ.

ನಾನು ಲಯನ್ಸ್ ಅಭಿಮಾನಿ. ಮೂರನೇ ಡೌನ್, 20 ಯಾರ್ಡ್ ಬೇಕು. ನಮ್ಮವರು ಅವರ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದ್ದಾರೆ, ನಾವೆಲ್ಲ ಎದ್ದು ಚಪ್ಪಾಳೆ ತಟ್ಟುತ್ತಿದ್ದೇವೆ. ಅಷ್ಟರಲ್ಲಿ ಫ್ಲ್ಯಾಗ್! ಬಾಲ್ ಹತ್ತಿರವೂ ಇಲ್ಲದ ಯಾವನೋ ರಿಸೀವರ್‌ನ (ಪಾಸ್ ಹಿಡಿಯುವವನ) ಅಂಗಿಯನ್ನು ಇನ್ನೊಂದು ಮೂಲೆಯಲ್ಲಿ ನಮ್ಮವನು ಅರೆಕ್ಷಣ ಹಿಡಿದಿದ್ದನಂತೆ, ಅಂದರೆ ಹೋಲ್ಡಿಂಗ್. ದಂಡ ಬರೀ 5 ಯಾರ್ಡ್, ಆದರೆ ಜೊತೆಗೆ ಆಟೊಮ್ಯಾಟಿಕ್ ಫಸ್ಟ್ ಡೌನ್. 20 ಯಾರ್ಡ್ ಬೇಕಿದ್ದವರಿಗೆ 5 ಯಾರ್ಡ್ ದಂಡದಲ್ಲಿ ಮತ್ತೆ ನಾಲ್ಕು ಅವಕಾಶ. ಇದನ್ನು ತೆಗೆಯಿರಿ ಅಂತ 2025ರಲ್ಲಿ ಲಯನ್ಸ್ ತಂಡವೇ ಪ್ರಸ್ತಾಪ ಇಟ್ಟಿತ್ತು. ಜಾರಿಗೆ ಬರಲಿಲ್ಲ. ನನ್ನ ಪ್ರಕಾರ ಅದು ಆ ವರ್ಷದ ಅತ್ಯಂತ ನ್ಯಾಯವಾದ ಪ್ರಸ್ತಾಪ. ಎಲ್ಲರೂ ಟಶ್ ಪುಶ್ (ಕ್ವಾರ್ಟರ್‌ಬ್ಯಾಕ್‌ನನ್ನು ಹಿಂದಿನಿಂದ ತಳ್ಳಿ ಮುಂದೆ ಸಾಗಿಸುವ ತಂತ್ರ) ಜಗಳದಲ್ಲೇ ಮುಳುಗಿದ್ದರು, ಇದರ ಬಗ್ಗೆ ಮಾತಾಡಿದವರೇ ಕಡಿಮೆ.

ಪಾಸ್ ಇಂಟರ್‌ಫಿಯರೆನ್ಸ್ (ಪಾಸ್ ಹಿಡಿಯಲು ಹೋದವನಿಗೆ ಅಡ್ಡಿ ಮಾಡುವುದು) ಕೂಡ ಹೀಗೇ. ಎನ್‌ಎಫ್‌ಎಲ್‌ನಲ್ಲಿ ತಪ್ಪು ನಡೆದ ಜಾಗಕ್ಕೇ ಬಾಲ್ ಹೋಗುತ್ತದೆ, 45 ಯಾರ್ಡ್ ಆದರೆ 45 ಯಾರ್ಡ್. ಕಾಲೇಜು ಆಟದಲ್ಲಿ 15 ದಾಟುವುದಿಲ್ಲ. ಇಲ್ಲೂ ಹಾಗೇ ಮಾಡಬಾರದಾ?

ಹಾಸನದವ

ಅಕ್ಕ, ಹೋಲ್ಡಿಂಗ್ ವಿಷಯದಲ್ಲಿ ನೂರಕ್ಕೆ ನೂರು ಒಪ್ಪುತ್ತೇನೆ. ಪಾಸ್ ಇಂಟರ್‌ಫಿಯರೆನ್ಸ್ ಮಾತ್ರ 15ಕ್ಕೆ ಇಳಿಸಬೇಡಿ. ಕಾಲೇಜು ಆಟ ನೋಡಿ. ರಿಸೀವರ್ ತನ್ನನ್ನು ದಾಟಿ ಹೋದ, ಇನ್ನು ಟಚ್‌ಡೌನ್ ಖಚಿತ ಅಂತ ಗೊತ್ತಾದ ಕೂಡಲೇ ಹಿಂದಿನಿಂದ ಹಿಡಿದು ಎಳೆದುಬಿಡಬಹುದು. 15 ಯಾರ್ಡ್ ತಾನೇ, ಟಚ್‌ಡೌನ್‌ಗಿಂತ ಅಗ್ಗ. ಎರಡು ದರ್ಜೆ ಮಾಡಬೇಕು. ಬೇಕಂತಲೇ ಎಳೆದರೆ ಆ ಜಾಗಕ್ಕೇ ಬಾಲ್. ಇಬ್ಬರೂ ಬಾಲ್ ನೋಡುತ್ತಾ ಓಡುವಾಗ ಕೈ ತಾಗಿದರೆ 15. ಅಂಪೈರ್‌ಗಳಿಗೆ ಇನ್ನೊಂದು ತಲೆನೋವು ಅನ್ನಬಹುದು, ಆದರೆ ಪಂಟರ್‌ಗೆ (ಬಾಲ್ ಒದ್ದು ಎದುರಾಳಿಗೆ ಕಳಿಸುವವನಿಗೆ) ಡಿಕ್ಕಿ ಹೊಡೆದಾಗ ಈಗಲೂ 5 ಮತ್ತು 15 ಅಂತ ಎರಡು ದರ್ಜೆ ಇದೆ, ಅದನ್ನು ಅವರು ನಿಭಾಯಿಸುತ್ತಿದ್ದಾರೆ.

ಟಶ್ ಪುಶ್ ಬಗ್ಗೆ: ನಾನು ಅದರಲ್ಲಿ ಪಳಗಿದ ಈಗಲ್ಸ್ ತಂಡದ ಅಭಿಮಾನಿ ಅಲ್ಲ. ಆದರೂ ಅದು ಉಳಿದದ್ದು ಸರಿ. ನಿಷೇಧಕ್ಕೆ 32 ತಂಡಗಳಲ್ಲಿ 24ರ ಮತ ಬೇಕಿತ್ತು, 22 ಬಿತ್ತು. ಒಂದು ತಂಡ ಚೆನ್ನಾಗಿ ಕಲಿತಿದೆ ಅಂತ ರೂಲ್ ಬದಲಿಸಿದರೆ ಉಳಿದವರು ಯಾಕೆ ತಲೆ ಓಡಿಸುತ್ತಾರೆ?

ಡಾಲಸ್ ದೊಡ್ಡಪ್ಪ

ನನ್ನ ಮಗ ಹೈಸ್ಕೂಲ್ ತಂಡದಲ್ಲಿ ಲೈನ್‌ಬ್ಯಾಕರ್ (ಎದುರಾಳಿಯನ್ನು ತಡೆದು ಕೆಡವುವವನು). ಹಾಗಾಗಿ ನಾನು ಪಾಯಿಂಟ್ ಲೆಕ್ಕಕ್ಕಿಂತ ಮೊದಲು ತಲೆಗೆ ಬೀಳುವ ಪೆಟ್ಟು ನೋಡುತ್ತೇನೆ. ನನಗೆ ಇಷ್ಟವಾದ ಬದಲಾವಣೆ 2024ರ ಕಿಕ್‌ಆಫ್ (ಬಾಲ್ ಒದ್ದು ಆಟ ಶುರು ಮಾಡುವುದು). ಮುಂಚೆ ಎರಡೂ ಕಡೆಯವರು ದೂರದಿಂದ ಓಡಿ ಬಂದು ಪೂರ್ತಿ ವೇಗದಲ್ಲಿ ಡಿಕ್ಕಿ ಹೊಡೆಯುತ್ತಿದ್ದರು, ನೋಡುವಾಗ ಹೊಟ್ಟೆ ಕಿವುಚುತ್ತಿತ್ತು. ಈಗ ಕಿಕ್ ಮಾಡುವವನನ್ನು ಬಿಟ್ಟು ಅವನ ತಂಡದ ಹತ್ತು ಜನ ಎದುರಾಳಿಯ 40 ಯಾರ್ಡ್ ಲೈನ್‌ನಲ್ಲೇ ನಿಲ್ಲುತ್ತಾರೆ. ಬಾಲ್ ನೆಲಕ್ಕೆ ಬೀಳುವವರೆಗೆ ಅಥವಾ ಯಾರಾದರೂ ಹಿಡಿಯುವವರೆಗೆ ಅವರೂ ಕದಲುವಂತಿಲ್ಲ, ಎದುರು ಸಾಲಿನವರೂ ಕದಲುವಂತಿಲ್ಲ. ವೇಗ ಕಡಿಮೆ, ಆದರೂ ಆಟ ಇದೆ. 2025ರಲ್ಲಿ ಕಿಕ್‌ಆಫ್‌ನ ಟಚ್‌ಬ್ಯಾಕ್ ಅನ್ನು 35 ಯಾರ್ಡ್ ಲೈನ್‌ಗೆ ತಂದ ಮೇಲೆ ರಿಟರ್ನ್ (ಬಾಲ್ ಹಿಡಿದು ವಾಪಸ್ ಓಡುವುದು) ಇನ್ನೂ ಜಾಸ್ತಿ ಆಯಿತು.

ಬಫಲೋ ತಮ್ಮ, ಒಂದು ವಿಷಯ. 2022ರ ಜನವರಿಯಲ್ಲಿ ನಿಮ್ಮ ಕ್ವಾರ್ಟರ್‌ಬ್ಯಾಕ್ ಜೋಶ್ ಅಲೆನ್‌ಗೆ ಓವರ್‌ಟೈಮ್‌ನಲ್ಲಿ ಬಾಲ್ ಮುಟ್ಟಲೂ ಸಿಗದೆ 42-36ಕ್ಕೆ ಸೋತಿರಲ್ಲ, ಅದೇ ವರ್ಷ ಪ್ಲೇಆಫ್‌ನಲ್ಲಿ ಎರಡೂ ತಂಡಕ್ಕೆ ಬಾಲ್ ಸಿಗುವ ಹಾಗೆ ಮಾಡಿದರು. 2025ರಲ್ಲಿ ಮಾಮೂಲಿ ಸೀಸನ್‌ಗೂ ತಂದರು. ನಿಮ್ಮ ಎಂಡ್ ಝೋನ್ ರೂಲ್ ಕೂಡ ಯಾವತ್ತೋ ಒಂದು ದೊಡ್ಡ ಆಟವನ್ನು ಕೆಡಿಸಿದ ಮೇಲೆಯೇ ಬದಲಾಗುತ್ತದೆ ಅಂತ ನನ್ನ ಅನುಮಾನ.

ಬಫಲೋ ಕನ್ನಡಿಗ

ದೊಡ್ಡಪ್ಪ, ಆ ರಾತ್ರಿಯನ್ನು ನೆನಪು ಮಾಡಿಬಿಟ್ಟಿರಿ. ಟಾಸ್ ಸೋತ ಕ್ಷಣವೇ ಮನೆಯಲ್ಲಿ ಎಲ್ಲರೂ ಮೌನವಾಗಿದ್ದೆವು.

ತುಂಗಾತೀರ ಅವರೇ, 1978ರ ಕಥೆ ನನಗೆ ಗೊತ್ತಿರಲಿಲ್ಲ. ನೀವು ಹೇಳಿದ ಭಯ ಬೇಕು ಅನ್ನುವುದನ್ನು ಒಪ್ಪುತ್ತೇನೆ. ಹಾಗಾದರೆ ಹೀಗೆ ಮಾಡೋಣ: ಬಾಲ್ ಅದೇ ತಂಡಕ್ಕೆ ಉಳಿಯಲಿ, ಆದರೆ 20 ಯಾರ್ಡ್ ಲೈನ್‌ಗೆ ಹಿಂದಕ್ಕೆ ಹೋಗಲಿ, ಆ ಡೌನ್ ಕೂಡ ಹೋಯಿತು. ಒಂದು ಯಾರ್ಡ್ ದೂರದಲ್ಲಿದ್ದವನಿಗೆ ಅದೇ ಸಾಕಷ್ಟು ನಷ್ಟ.

ತುಂಗಾತೀರ

ನಾಲ್ಕನೇ ಡೌನ್ ಆಗಿದ್ದರೆ?

ಬಫಲೋ ಕನ್ನಡಿಗ

ಆಗ ಬಾಲ್ ಎದುರಾಳಿಗೇ. ಆದರೆ ಜಾರಿದ ಜಾಗದಿಂದ, ಒಂದು ಯಾರ್ಡ್ ಆದರೆ ಒಂದು ಯಾರ್ಡ್. ಸುಮ್ನೆ 20 ಯಾರ್ಡ್ ಉಡುಗೊರೆ ಬೇಡ.

ತುಂಗಾತೀರ

ಇದಕ್ಕೆ ನಾನು ಮತ ಹಾಕುತ್ತೇನೆ. ಇನ್ನು 23 ಬೇಕು.