ನೀರೇ ನೀರೆತ್ತುವ ಮಷೀನು: ತಗೊಂಡವರು ಯಾರಾದರೂ ಇದ್ದೀರಾ?

ಹಿರಿಯೂರು ಕಡೆಯವನು (ಪ್ರಶ್ನೆ): ಟ್ಯಾಂಕಿನ ನೀರು ಟರ್ಬೈನ್ ಮೇಲೆ ಬೀಳುತ್ತೆ. ಅದರ ಕರೆಂಟಲ್ಲೇ ಮೋಟರ್ ನೀರನ್ನು ವಾಪಸ್ ಏರಿಸುತ್ತೆ, ಮಿಕ್ಕ 5 ಕಿಲೋವ್ಯಾಟ್ ನಮಗೆ ಅಂತಾರೆ. 5000 ಲೀಟರ್ ಟ್ಯಾಂಕ್, 20 ಅಡಿ ಎತ್ತರ, 3 ಲಕ್ಷ. ಅಡ್ವಾನ್ಸ್ ಕೊಡಬಹುದಾ?

ತಿಪಟೂರು: ನಾನು ಕೊಟ್ಟವನು. ಅಡ್ವಾನ್ಸ್ 80,000. ಕಬ್ಬಿಣದ ಸ್ಟ್ಯಾಂಡು 46,000, ಕಾಂಕ್ರೀಟ್ ಬೆಡ್ 18,500, ಲಾರಿ ಬಾಡಿಗೆ 7,200, ಇಳಿಸಿದ ಹಮಾಲರಿಗೆ 1,400. ಒಟ್ಟು 1,53,100. ಮೆಕ್ಯಾನಿಕ್ಕಿಗೆ ನಾಲ್ಕು ದಿನ ಊಟ, ಕಾಫಿ ಬೇರೆ. ಮೊದಲ ದಿನ ಬಲ್ಬ್ ಉರಿಯಿತು, ಊರವರು ಚಪ್ಪಾಳೆ ತಟ್ಟಿದರು. ಮಾರನೇ ದಿನ ಮಧ್ಯಾಹ್ನ ಮಂಕಾಯಿತು. ಪ್ಯಾನೆಲ್ ಬಾಕ್ಸಿಗೆ ಸೀಲ್, ತೆಗೆದರೆ ವಾರಂಟಿ ಇಲ್ಲ ಅಂದಿದ್ದರು. ತಮ್ಮ ಸ್ಕ್ರೂ ತೆಗೆದೇಬಿಟ್ಟ. ಒಳಗೆ ಎರಡು ಇನ್ವರ್ಟರ್ ಬ್ಯಾಟರಿ! ‘ಸ್ಟಾರ್ಟಿಂಗಿಗೆ ಮಾತ್ರ ಸಾರ್’ ಅಂದರು. ಸ್ಟ್ಯಾಂಡು ಗುಜರಿಗೆ ಹೋಯಿತು.

ಶೃಂಗೇರಿ: ರ‍್ಯಾಮ್ ಪಂಪ್ (ಹರಿಯೋ ನೀರಿನ ಹೊಡೆತದಿಂದಲೇ ಅದರಲ್ಲಿ ಸ್ವಲ್ಪ ನೀರನ್ನು ಮೇಲೆತ್ತೋ ಪಂಪು) ಹಾಕಬೇಕಿತ್ತು. ನಮ್ಮದು ಹನ್ನೊಂದು ವರ್ಷದಿಂದ ಓಡ್ತಿದೆ, ಕರೆಂಟಿಲ್ಲ, ಡೀಸೆಲಿಲ್ಲ. ಹಳ್ಳದಿಂದ 2 ಮೀಟರ್ ಇಳಿಜಾರು. ನಿಮಿಷಕ್ಕೆ 60 ಲೀಟರ್ ಹರಿದರೆ 20 ಮೀಟರ್ ಮೇಲಿನ ತೊಟ್ಟಿಗೆ ಮೂರೂವರೆ ಲೀಟರ್ ಏರುತ್ತೆ, ಉಳಿದದ್ದು ಹಳ್ಳಕ್ಕೇ. ಆದರೆ ಹಗಲು ರಾತ್ರಿ ಟಕ್ ಟಕ್ ಅಂತಿರುತ್ತೆ. ವಾಲ್ವಿನ ವಾಶರ್ ಹಳೇ ಟೈರಿಂದ ನಾನೇ ಕತ್ತರಿಸ್ತೇನೆ.

ತಿಪಟೂರು: ಹಳ್ಳ ಇದ್ದೋರ ಜಂಬ. ನಮ್ಮದು 900 ಅಡಿ ಬೋರು ಸ್ವಾಮಿ.

ದಾವಣಗೆರೆ: 22 ವರ್ಷ ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡಿದೆ, ಸ್ವಂತ ಭಾವನೇ ನನ್ನ ಮಾತು ಕೇಳದೆ 1 ಲಕ್ಷ ಕಳೆದ. 5000 ಲೀಟರ್ 6 ಮೀಟರ್ ಬಿದ್ದರೆ ಸಿಗೋದು ಬರೀ 0.08 ಯೂನಿಟ್. 2 ಎಚ್‌ಪಿ ಮೋಟರಿಗೆ ಮೂರು ನಿಮಿಷಕ್ಕೆ ಸರಿಯಾಯಿತು. ಟರ್ಬೈನ್, ಮೋಟರ್ ತಿನ್ನೋದು ಇನ್ನೂ ಲೆಕ್ಕಕ್ಕೇ ಹಿಡಿದಿಲ್ಲ. ಅಮೆರಿಕದಲ್ಲಿ ಜಾನ್ ಕೀಲಿ ಅನ್ನೋನು ನೀರಿನ ಮಷೀನು ತೋರಿಸಿ ವರ್ಷಗಟ್ಟಲೆ ದುಡ್ಡೆತ್ತಿದ. 1898ರಲ್ಲಿ ಸತ್ತ ಮೇಲೆ ನೆಲಮಾಳಿಗೇಲಿ ದೊಡ್ಡ ಉಕ್ಕಿನ ಗೋಳ ಸಿಕ್ಕಿತು, ಗಾಳಿ ಒತ್ತಿ ತುಂಬೋಕೆ ಇಟ್ಟಿದ್ದು ಅಂತಾರೆ.

ವಿಜಯಪುರ: ಫಾರಿನ್ ಕಥೆ ಬಿಡಿ. ಭಾಸ್ಕರಾಚಾರ್ಯರು 1150ರಲ್ಲೇ ಪಾದರಸ ತುಂಬಿ ತಾನೇ ತಿರುಗೋ ಚಕ್ರ ಬರೆದಿದ್ದಾರೆ. ನಾನೂ ಸೈಕಲ್ ರಿಮ್ಮಲ್ಲಿ ಮಾಡಿದ್ದೆ, ಏಳು ನಿಮಿಷ ತಿರುಗಿತ್ತು.

ದಾವಣಗೆರೆ: ಬೇರಿಂಗ್ ಚೆನ್ನಾಗಿತ್ತು ಅಷ್ಟೇ. ಎಂಟನೇ ನಿಮಿಷಕ್ಕೆ ಏನಾಯಿತು?

ವಿಜಯಪುರ: ಮೇಷ್ಟ್ರ ಕೊಂಕು ಹೋಗಲಿಲ್ಲ ನೋಡಿ.

ಸಾಗರ: ಶೃಂಗೇರಿಯವರೇ, ಟೈರ್ ವಾಶರ್ ನಮ್ಮಲ್ಲಿ ಮೂರು ತಿಂಗಳೂ ಬರಲಿಲ್ಲ. ಹನ್ನೊಂದು ವರ್ಷ ಅಂತ ಸುಮ್ನೆ ಬುರುಡೆ ಬಿಡಬೇಡಿ.

ಶೃಂಗೇರಿ: ಹನ್ನೊಂದು ವರ್ಷ ಪಂಪಿಗೆ ಅಂದೆ, ವಾಶರಿಗಲ್ಲ. ಓದಿ ಮಾತಾಡಿ. ಲಾರಿ ಟೈರ್ ಹಾಕಿದ್ರಾ, ಬೈಕ್‌ದಾ?